ಪ್ರಾಣಿ ಮತ್ತು ಸಸ್ಯ ಜೀವಶಾಸ್ತ್ರ: ಬೇರೆ ವಿಭಾಗದ ವಿದ್ಯಾರ್ಥಿಗಳಿಗೆ ಹಂತ ಹಂತದ ಮಾರ್ಗದರ್ಶಿ

ಅರ್ಥಶಾಸ್ತ್ರವನ್ನೋ ಗಣಿತವನ್ನೋ ಇತಿಹಾಸವನ್ನೋ ಮುಖ್ಯ ವಿಷಯವಾಗಿ ಓದುತ್ತಿರುವವರು ಜೀವಶಾಸ್ತ್ರದ ಪರಿಚಯ ಪತ್ರಿಕೆಯನ್ನು ಆರಿಸಿಕೊಂಡಾಗ ಅವರನ್ನು ಮೊದಲು ಹೆದರಿಸುವುದು ಹೆಸರುಗಳ ರಾಶಿ. ಎರಡನೆಯ ವಾರ ಮುಗಿಯುವಷ್ಟರಲ್ಲಿ ಟಿಪ್ಪಣಿ ಪುಸ್ತಕದ ತುಂಬ ಪಾರಿಭಾಷಿಕ ಪದಗಳಿರುತ್ತವೆ. ಅವುಗಳಲ್ಲಿ ಯಾವುದು ಮುಖ್ಯ, ಯಾವುದನ್ನು ಬಿಟ್ಟರೂ ನಡೆಯುತ್ತದೆ ಎಂಬುದು ಮಾತ್ರ ತಿಳಿದಿರುವುದಿಲ್ಲ. ಹೀಗಾಗಿ ಎಲ್ಲವನ್ನೂ ಬಾಯಿಪಾಠ ಮಾಡಿ, ಪರೀಕ್ಷೆ ಮುಗಿದ ಮೇಲೆ ಎಲ್ಲವನ್ನೂ ಮರೆಯುವವರೇ ಹೆಚ್ಚು. ಆದರೆ ಪ್ರಾಣಿಯಾಗಲಿ ಸಸ್ಯವಾಗಲಿ, ಬದುಕಿ ಉಳಿಯಬೇಕಾದರೆ ಬಗೆಹರಿಸಿಕೊಳ್ಳಬೇಕಾದ ಸಮಸ್ಯೆಗಳು ಕೆಲವೇ ಕೆಲವು: ಶಕ್ತಿಯನ್ನು ಎಲ್ಲಿಂದಲಾದರೂ ಪಡೆಯಬೇಕು, ಬೇಕಾದ ಅಣುಗಳನ್ನು ದೇಹದ ಮೂಲೆಮೂಲೆಗೆ ತಲುಪಿಸಬೇಕು, ನೀರನ್ನು ಹಿಡಿತದಲ್ಲಿಡಬೇಕು, ಬೆಳೆಯಬೇಕು, ತನ್ನಂಥದನ್ನು ಹುಟ್ಟಿಸಬೇಕು. ಪ್ರತಿಯೊಂದು ಅಂಗವನ್ನೂ ಇಂಥದೊಂದು ಸಮಸ್ಯೆಗೆ ಸಿಕ್ಕ ಉತ್ತರವೆಂದು ಓದುತ್ತ ಹೋದರೆ ಹೆಸರುಗಳು ತಾವಾಗಿಯೇ ನೆನಪಿನಲ್ಲಿ ನಿಲ್ಲುತ್ತವೆ. ಮುಂದಿನ ಹಂತಗಳನ್ನು ಈ ಒಂದೇ ನಂಬಿಕೆಯ ಮೇಲೆ ಜೋಡಿಸಲಾಗಿದೆ.

ಮೊದಲ ಹಂತ: ಒಂದು ಗಿಡ, ಒಂದು ಪ್ರಾಣಿ

ಪಠ್ಯಪುಸ್ತಕವನ್ನು ತೆರೆಯುವ ಮೊದಲು ಒಂದು ಸಸ್ಯವನ್ನೂ ಒಂದು ಪ್ರಾಣಿಯನ್ನೂ ಆರಿಸಿಕೊಂಡು, ಇಡೀ ಅವಧಿಯುದ್ದಕ್ಕೂ ಅವುಗಳ ಜೊತೆಯಲ್ಲೇ ಸಾಗಿರಿ. ಸಸ್ಯಕ್ಕೆ ಹುರುಳಿಕಾಯಿಯ ಬೀಜವೂ ಪ್ರಾಣಿಗೆ ಎರೆಹುಳುವೂ ಒಳ್ಳೆಯ ಆಯ್ಕೆಗಳು. ಎರಡೂ ಸುಲಭವಾಗಿ ಸಿಗುತ್ತವೆ, ಎರಡನ್ನೂ ಬರಿಗಣ್ಣಿನಿಂದ ನೋಡಬಹುದು, ಮತ್ತು ಪಠ್ಯದ ಹೆಚ್ಚುಕಡಿಮೆ ಪ್ರತಿಯೊಂದು ಅಧ್ಯಾಯವನ್ನೂ ಇವೆರಡರ ಮೇಲೆ ಪರೀಕ್ಷಿಸಿ ನೋಡಬಹುದು.

ಗಾಜಿನ ಲೋಟದ ಒಳಮೈಗೆ ಒದ್ದೆ ಕಾಗದವನ್ನು ಒತ್ತಿ, ಗಾಜು ಮತ್ತು ಕಾಗದದ ನಡುವೆ ನಾಲ್ಕೈದು ಬೀಜಗಳನ್ನು ಬೇರೆ ಬೇರೆ ದಿಕ್ಕಿಗೆ ಮುಖ ಮಾಡಿಸಿ ಇಡಿ. ಕೆಲವು ದಿನಗಳಲ್ಲಿ ಎಲ್ಲ ಬೀಜಗಳಿಂದಲೂ ಮೊದಲು ಬೇರು ಹೊರಬರುತ್ತದೆ, ಮತ್ತು ಬೀಜ ಯಾವ ದಿಕ್ಕಿಗೆ ತಿರುಗಿದ್ದರೂ ಆ ಬೇರು ಬಾಗಿ ಕೆಳಮುಖವಾಗುತ್ತದೆ. ಎರೆಹುಳುವನ್ನು ಒದ್ದೆ ಕೈಯಿಂದ ಎತ್ತಿ ಒಂದು ಒರಟು ಕಾಗದದ ಮೇಲೆ ಬಿಟ್ಟು ಕಿವಿಗೊಟ್ಟರೆ ಬಹಳ ಸಣ್ಣ ಸರಸರ ಸದ್ದು ಕೇಳಿಸುತ್ತದೆ. ಅದು ಹುಳುವಿನ ಮೈಯ ವಲಯಗಳ ಮೇಲಿರುವ ಕಿರು ಬಿರುಗೂದಲುಗಳು ಕಾಗದವನ್ನು ಕೆರೆಯುವ ಸದ್ದು. ನೋಡಲು ನುಣುಪಾಗಿರುವ ಹುಳು ಮಣ್ಣನ್ನು ಹೇಗೆ ಹಿಡಿದು ಮುಂದೆ ಸಾಗುತ್ತದೆ ಎಂಬ ಪ್ರಶ್ನೆ ಅಲ್ಲಿಯೇ ಹುಟ್ಟುತ್ತದೆ. ಪ್ರಶ್ನೆ ನಿಮ್ಮ ಕಿವಿಯಿಂದಲೇ ಹುಟ್ಟಿದಾಗ ಬಿರುಗೂದಲಿಗೆ ಪಠ್ಯ ಕೊಡುವ ಹೆಸರನ್ನು ಮರೆಯುವುದು ಕಷ್ಟ. ನೋಡಿದ ನಂತರ ಹುಳುವನ್ನು ತೇವದ ಮಣ್ಣಿಗೆ ಮರಳಿ ಬಿಡಿ. ಅದು ಚರ್ಮದಿಂದಲೇ ಉಸಿರಾಡುವ ಜೀವಿಯಾದ್ದರಿಂದ ಮೈ ಒಣಗಿದರೆ ಸಾಯುತ್ತದೆ.

ಎರಡನೆಯ ಹಂತ: ಸೂಕ್ಷ್ಮದರ್ಶಕದ ಮುಂದೆ ಕೂರುವುದು

ಈ ಹಂತಕ್ಕೆ ಎಷ್ಟು ಸಮಯ ಕೊಟ್ಟರೂ ಹೆಚ್ಚೇನಲ್ಲ. ಜೀವಕೋಶದ ಚಿತ್ರವನ್ನು ಪುಸ್ತಕದಿಂದ ನಕಲು ಮಾಡಿದವರಿಗೂ ಕೋಶವನ್ನು ಸ್ವತಃ ಕಂಡವರಿಗೂ ಇರುವ ವ್ಯತ್ಯಾಸ ಮುಂದಿನ ಪ್ರತಿಯೊಂದು ಅಧ್ಯಾಯದಲ್ಲೂ ಎದ್ದು ಕಾಣುತ್ತದೆ.

ಈರುಳ್ಳಿಯ ಒಂದು ದಪ್ಪ ಎಸಳನ್ನು ಮುರಿದಾಗ ಅದರ ಒಳಮೈಯಿಂದ ಎದ್ದು ಬರುವ ತೆಳು ಸಿಪ್ಪೆಯನ್ನು ಗಾಜಿನ ಪಟ್ಟಿಯ ಮೇಲೆ ಒಂದು ಹನಿ ನೀರಿನಲ್ಲಿ ಮಡಿಕೆ ಬೀಳದಂತೆ ಹರಡಿ, ಅಯೋಡಿನ್ ದ್ರಾವಣದ ಒಂದು ಹನಿಯನ್ನು ಸೇರಿಸಿ. ಮುಚ್ಚುಗಾಜನ್ನು ಒಂದು ಅಂಚಿನಿಂದ ಓರೆಯಾಗಿ ನಿಧಾನಕ್ಕೆ ಇಳಿಸಬೇಕು. ಹಾಗೆ ಮಾಡದಿದ್ದರೆ ಗಾಳಿಗುಳ್ಳೆಗಳು ಸಿಕ್ಕಿಕೊಳ್ಳುತ್ತವೆ. ದಪ್ಪ ಕಪ್ಪು ಅಂಚಿನ ಆ ದುಂಡು ಗುಳ್ಳೆಗಳನ್ನೇ ಕೋಶವೆಂದು ತಿಳಿದು ಬಿಡಿಸುವುದು ಹೊಸಬರೆಲ್ಲರೂ ಮಾಡುವ ತಪ್ಪು. ಯಾವಾಗಲೂ ಅತ್ಯಂತ ಕಡಿಮೆ ವರ್ಧನೆಯಿಂದಲೇ ಆರಂಭಿಸಿ. ಇಟ್ಟಿಗೆಯ ಗೋಡೆಯಂತೆ ಜೋಡಿಸಿದ ಉದ್ದುದ್ದ ಕೋಶಗಳೂ ಪ್ರತಿಯೊಂದರಲ್ಲಿ ಹಳದಿ ಮಿಶ್ರಿತ ಕಂದು ಬಣ್ಣಕ್ಕೆ ತಿರುಗಿದ ಒಂದು ಕೋಶಕೇಂದ್ರವೂ ಕಾಣಿಸುತ್ತವೆ. ಅನೇಕ ಕೋಶಗಳಲ್ಲಿ ಕೋಶಕೇಂದ್ರವು ಒಂದು ಬದಿಗೆ ಒತ್ತಿಕೊಂಡಿರುತ್ತದೆ. ಖಾಲಿಯಿರುವಂತೆ ತೋರುವ ನಡುಭಾಗವನ್ನು ನೀರು ತುಂಬಿದ ದೊಡ್ಡ ರಸದಾನಿ ಆಕ್ರಮಿಸಿಕೊಂಡಿರುವುದೇ ಅದಕ್ಕೆ ಕಾರಣ.

ಇಲ್ಲಿ ಹಸಿರು ಕಣಗಳು ಕಾಣುವುದಿಲ್ಲ. ಸಸ್ಯಕೋಶವೆಂದರೆ ಕ್ಲೋರೋಪ್ಲಾಸ್ಟ್ ಇರಲೇಬೇಕೆಂದು ಪುಸ್ತಕದಲ್ಲಿ ಓದಿಕೊಂಡವರು ಕಾಣದ ಹಸಿರನ್ನು ಚಿತ್ರದಲ್ಲಿ ತುಂಬಿಬಿಡುತ್ತಾರೆ. ಮಣ್ಣಿನೊಳಗೆ, ಬೆಳಕಿಲ್ಲದೆ, ಆಹಾರವನ್ನು ಕೂಡಿಡುವ ಕೆಲಸ ಮಾಡುವ ಎಸಳಿಗೆ ಕ್ಲೋರೋಪ್ಲಾಸ್ಟ್‌ನಿಂದ ಪ್ರಯೋಜನವಿಲ್ಲ. ಕಂಡದ್ದನ್ನು ಮಾತ್ರ ಬಿಡಿಸಿ, ಕಾಣದ್ದು ಏಕೆ ಕಾಣಲಿಲ್ಲವೆಂದು ಪಕ್ಕದಲ್ಲಿ ಒಂದು ಸಾಲು ಬರೆಯುವ ಅಭ್ಯಾಸವನ್ನು ಇಲ್ಲಿಂದಲೇ ಬೆಳೆಸಿಕೊಳ್ಳಿ.

ಅಳತೆಯನ್ನೂ ಬಿಡಬೇಡಿ. ಪಾರದರ್ಶಕ ಅಳತೆಪಟ್ಟಿಯನ್ನು ಕಡಿಮೆ ವರ್ಧನೆಯ ಮಸೂರದ ಕೆಳಗಿಟ್ಟು ಕಾಣುವ ವೃತ್ತದ ವ್ಯಾಸವನ್ನು ಓದಿಕೊಳ್ಳಿ. 40 ಪಟ್ಟು ವರ್ಧನೆಯಲ್ಲಿ ಅದು 4.5 ಮಿಲಿಮೀಟರ್ ಇದ್ದರೆ, 100 ಪಟ್ಟಿನಲ್ಲಿ 1.8 ಮಿಲಿಮೀಟರ್ ಆಗುತ್ತದೆ, 400 ಪಟ್ಟಿನಲ್ಲಿ 0.45 ಮಿಲಿಮೀಟರ್ ಆಗುತ್ತದೆ. ವರ್ಧನೆ ಹೆಚ್ಚಿದಷ್ಟೂ ಕಾಣುವ ವೃತ್ತದ ವ್ಯಾಸ ಅದೇ ಪ್ರಮಾಣದಲ್ಲಿ ಕಿರಿದಾಗುತ್ತದೆ. 100 ಪಟ್ಟಿನಲ್ಲಿ ವೃತ್ತದ ಅಡ್ಡಕ್ಕೆ ಆರು ಕೋಶಗಳು ಉದ್ದುದ್ದವಾಗಿ ಹಿಡಿಸಿದರೆ ಒಂದರ ಉದ್ದ 0.3 ಮಿಲಿಮೀಟರ್, ಅಂದರೆ 300 ಮೈಕ್ರೋಮೀಟರ್. ಹೋಲಿಸಿ ನೋಡಲು, ಮನುಷ್ಯನ ಕೆಂಪು ರಕ್ತಕಣದ ವ್ಯಾಸ 7ರಿಂದ 8 ಮೈಕ್ರೋಮೀಟರ್ ಮಾತ್ರ.

ಪ್ರಾಣಿಕೋಶ ಮತ್ತು ಸಸ್ಯಕೋಶಗಳ ವ್ಯತ್ಯಾಸವನ್ನು ಪಟ್ಟಿಯಾಗಿ ಕಲಿಯುವುದಕ್ಕಿಂತ ಉಪ್ಪುನೀರಿನ ಪ್ರಯೋಗದಿಂದ ಕಲಿಯುವುದು ಮೇಲು. ಕೆಂಪು ಈರುಳ್ಳಿಯ ಎಸಳಿನ ಹೊರಮೈಯ ಬಣ್ಣದ ಸಿಪ್ಪೆಯನ್ನು ತೆಗೆದುಕೊಂಡು ಮುಚ್ಚುಗಾಜಿನ ಅಂಚಿಗೆ ಗಟ್ಟಿ ಉಪ್ಪುನೀರಿನ ಹನಿಯನ್ನು ಬಿಟ್ಟು, ಇನ್ನೊಂದು ಅಂಚಿನಿಂದ ಒತ್ತುಕಾಗದದಲ್ಲಿ ನೀರನ್ನು ಎಳೆಯಿರಿ. ಸ್ವಲ್ಪ ಹೊತ್ತಿನಲ್ಲೇ ಕೋಶದೊಳಗಿನ ಬಣ್ಣದ ಭಾಗ ಕುಗ್ಗಿ ಗೋಡೆಯಿಂದ ದೂರ ಸರಿಯುತ್ತದೆ, ಗೋಡೆ ಮಾತ್ರ ಇದ್ದಲ್ಲೇ ಇರುತ್ತದೆ. ಕೋಶಭಿತ್ತಿ ಮತ್ತು ಕೋಶಪೊರೆ ಎರಡು ಬೇರೆ ವಸ್ತುಗಳೆಂಬುದು ಆ ಕ್ಷಣಕ್ಕೆ ಕಣ್ಣಿಗೇ ಕಾಣುತ್ತದೆ. ಮತ್ತೆ ಶುದ್ಧ ನೀರನ್ನು ಹರಿಸಿದರೆ ಬಣ್ಣದ ಭಾಗ ಉಬ್ಬಿ ಗೋಡೆಗೆ ಒತ್ತಿ ನಿಲ್ಲುತ್ತದೆ. ಕೆಂಪು ರಕ್ತಕಣವನ್ನು ಶುದ್ಧ ನೀರಿನಲ್ಲಿಟ್ಟರೆ ಅದು ಉಬ್ಬಿ ಒಡೆದುಹೋಗುತ್ತದೆ, ಏಕೆಂದರೆ ಅದನ್ನು ತಡೆದು ಹಿಡಿಯುವ ಗೋಡೆಯಿಲ್ಲ. ಪ್ರಾಣಿಗಳು ದೇಹದ್ರವದ ಲವಣಾಂಶವನ್ನು ಹದದಲ್ಲಿಡಲು ಮೂತ್ರಪಿಂಡದಂಥ ಅಂಗಗಳನ್ನು ಏಕೆ ಹೊಂದಿವೆ, ಎಲುಬಿಲ್ಲದ ಎಳೆಯ ಗಿಡ ನೆಟ್ಟಗೆ ನಿಲ್ಲುವುದು ಹೇಗೆ, ನೀರಿಲ್ಲದಾಗ ಅದು ಜೋತುಬೀಳುವುದೇಕೆ ಎಂಬ ಮೂರು ಪ್ರಶ್ನೆಗಳಿಗೆ ಈ ಒಂದೇ ದೃಶ್ಯದಲ್ಲಿ ಉತ್ತರವಿದೆ.

ಇತಿಹಾಸದ ಮಾಹಿತಿ ಪರೀಕ್ಷೆಗೆ ಬೇಕಾದರೆ ಇಷ್ಟು ಸಾಕು: ರಾಬರ್ಟ್ ಹುಕ್ 1665ರಲ್ಲಿ ವಿವರಿಸಿದ್ದು ಬೆಂಡಿನ ಸತ್ತ ಕೋಶಗಳ ಗೋಡೆಗಳನ್ನು, ಸಸ್ಯಗಳೆಲ್ಲ ಕೋಶಗಳಿಂದಾಗಿವೆಯೆಂದು 1838ರಲ್ಲಿ ಶ್ಲೈಡನ್, ಪ್ರಾಣಿಗಳೂ ಹಾಗೆಯೇ ಎಂದು 1839ರಲ್ಲಿ ಶ್ವಾನ್ ವಾದಿಸಿದರು, ಕೋಶ ಹುಟ್ಟುವುದು ಇನ್ನೊಂದು ಕೋಶದಿಂದ ಮಾತ್ರ ಎಂಬ ಮಾತನ್ನು 1850ರ ದಶಕದಲ್ಲಿ ವಿರ್ಕೊ ಗಟ್ಟಿಗೊಳಿಸಿದರು.

ಮೂರನೆಯ ಹಂತ: ಗಾತ್ರದ ಲೆಕ್ಕ

ಬೇರೆ ವಿಭಾಗಗಳಿಂದ ಬಂದವರಿಗೆ, ಅದರಲ್ಲೂ ಲೆಕ್ಕ ಬಲ್ಲವರಿಗೆ, ಇದು ಇಡೀ ವಿಷಯದ ಬೀಗದ ಕೈ. 1 ಸೆಂಟಿಮೀಟರ್ ಬದಿಯ ಘನಕ್ಕೆ ಮೇಲ್ಮೈ 6, ಗಾತ್ರ 1. ಬದಿಯನ್ನು 10 ಸೆಂಟಿಮೀಟರಿಗೆ ಹೆಚ್ಚಿಸಿದರೆ ಮೇಲ್ಮೈ 600, ಗಾತ್ರ 1,000. ಒಂದು ಘಟಕ ಗಾತ್ರಕ್ಕೆ ದೊರೆಯುವ ಮೇಲ್ಮೈ 6ರಿಂದ 0.6ಕ್ಕೆ ಇಳಿಯಿತು. ಆಮ್ಲಜನಕವೂ ಆಹಾರವೂ ಒಳಬರುವುದು ಮೇಲ್ಮೈಯ ಮೂಲಕ, ಅವು ಖರ್ಚಾಗುವುದು ಗಾತ್ರದಲ್ಲಿ. ಆದ್ದರಿಂದ ಜೀವಿ ದೊಡ್ಡದಾದಷ್ಟೂ ಒಳಬರುವ ದಾರಿ ಅದಕ್ಕೆ ಸಾಲದಾಗುತ್ತದೆ.

ಇದರ ಜೊತೆಗೆ ವಿಸರಣೆಯ ಲೆಕ್ಕವನ್ನೂ ಸೇರಿಸಿಕೊಳ್ಳಿ. ಅಣುಗಳು ತಮ್ಮಷ್ಟಕ್ಕೆ ಚಲಿಸಿ ದೂರ ಕ್ರಮಿಸಲು ಬೇಕಾಗುವ ಸಮಯ ದೂರದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ. ನೀರಿನಲ್ಲಿ ಒಂದು ಸಣ್ಣ ಅಣು 10 ಮೈಕ್ರೋಮೀಟರ್ ದಾಟಲು ಸೆಕೆಂಡಿನ ಒಂದು ಸಣ್ಣ ಭಾಗ ಸಾಕು. 1 ಸೆಂಟಿಮೀಟರ್ ದಾಟಬೇಕಾದರೆ ದೂರ 1,000 ಪಟ್ಟು ಹೆಚ್ಚಾದ್ದರಿಂದ ಸಮಯ 10 ಲಕ್ಷ ಪಟ್ಟು ಹೆಚ್ಚುತ್ತದೆ, ಅಂದರೆ ಅರ್ಧ ದಿನಕ್ಕೂ ಮಿಕ್ಕಿ ಹೋಗುತ್ತದೆ. ಕೋಶಗಳು ಚಿಕ್ಕದಾಗಿರುವುದೂ, ದೊಡ್ಡ ದೇಹಗಳಿಗೆ ಸಾಗಣೆಯ ವ್ಯವಸ್ಥೆ ಬೇಕಾಗುವುದೂ ಇದೇ ಕಾರಣಕ್ಕೆ.

ಈ ಎರಡು ಲೆಕ್ಕಗಳನ್ನು ಮುಂದಿಟ್ಟುಕೊಂಡು ಅಂಗರಚನೆಯ ಅಧ್ಯಾಯಗಳನ್ನು ಓದಿ. ಮನುಷ್ಯನ ಶ್ವಾಸಕೋಶದ ಕೋಟಿಗಟ್ಟಲೆ ಗಾಳಿಚೀಲಗಳ ಒಟ್ಟು ಮೇಲ್ಮೈ ಸುಮಾರು 70 ಚದರ ಮೀಟರ್, ಸಣ್ಣಕರುಳಿನ ಒಳಮೈ ಸುಮಾರು 30 ಚದರ ಮೀಟರ್ (ಹಳೆಯ ಪುಸ್ತಕಗಳಲ್ಲಿ ಇದರ ಹಲವು ಪಟ್ಟು ದೊಡ್ಡ ಸಂಖ್ಯೆ ಕಾಣಬಹುದು, ಈಚಿನ ಅಳತೆಗಳು ಅದನ್ನು ತಿದ್ದಿವೆ). ಮೀನಿನ ಕಿವಿರಿನ ಎಳೆಗಳು, ಬೇರಿನ ತುದಿಯ ಹಿಂದಿರುವ ಬೇರುರೋಮಗಳು, ತೆಳ್ಳಗೆ ಹರಡಿಕೊಂಡ ಎಲೆ ಇವೆಲ್ಲವೂ ಅದೇ ಉತ್ತರದ ಬೇರೆ ಬೇರೆ ರೂಪಗಳು. ಪ್ರಾಣಿ ತನ್ನ ಮೇಲ್ಮೈಯನ್ನು ಹೆಚ್ಚಾಗಿ ಒಳಕ್ಕೆ ಮಡಿಚಿಕೊಳ್ಳುತ್ತದೆ, ಸಸ್ಯ ಹೊರಕ್ಕೆ ಹರಡುತ್ತದೆ. ಆಹಾರವನ್ನು ಅರಸಿ ಚಲಿಸಬೇಕಾದ ಜೀವಿಗೂ, ನಿಂತಲ್ಲೇ ಬೆಳಕನ್ನೂ ನೀರನ್ನೂ ಸಂಗ್ರಹಿಸಬೇಕಾದ ಜೀವಿಗೂ ಇರುವ ವ್ಯತ್ಯಾಸವೆಲ್ಲ ಈ ಒಂದು ವಾಕ್ಯದಿಂದ ಬಿಚ್ಚಿಕೊಳ್ಳುತ್ತದೆ.

ನಾಲ್ಕನೆಯ ಹಂತ: ಮರದ ತೂಕ ಎಲ್ಲಿಂದ ಬಂತು?

ದ್ಯುತಿಸಂಶ್ಲೇಷಣೆಯ ಸಮೀಕರಣವನ್ನು ಬರೆಯಬಲ್ಲ ಅನೇಕರು ಈ ಪ್ರಶ್ನೆಗೆ ಮಣ್ಣಿನಿಂದ ಎಂದು ಉತ್ತರಿಸುತ್ತಾರೆ. ವಾನ್ ಹೆಲ್ಮಾಂಟ್ ಎಂಬವರು ಸುಮಾರು 90 ಕಿಲೋಗ್ರಾಂ ಒಣ ಮಣ್ಣಿನಲ್ಲಿ ಸುಮಾರು 2.3 ಕಿಲೋಗ್ರಾಂ ತೂಕದ ವಿಲ್ಲೋ ಸಸಿಯನ್ನು ನೆಟ್ಟು ಐದು ವರ್ಷ ನೀರೆರೆದರು. ಮರ ಸುಮಾರು 77 ಕಿಲೋಗ್ರಾಂ ತೂಗಿತು, ಮಣ್ಣು ಕಳೆದುಕೊಂಡದ್ದು 60 ಗ್ರಾಮಿನಷ್ಟು ಮಾತ್ರ. ಅವರ ಮರಣಾನಂತರ 1648ರಲ್ಲಿ ಪ್ರಕಟವಾದ ಈ ಬರಹದಲ್ಲಿ ಅವರು ಮರವೆಲ್ಲ ನೀರಿನಿಂದಲೇ ಆಯಿತೆಂದು ತೀರ್ಮಾನಿಸಿದರು. ಮಣ್ಣಿನ ವಿಷಯದಲ್ಲಿ ಅವರ ತೀರ್ಮಾನ ಸರಿ, ಗಾಳಿಯನ್ನು ಅವರು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಒಣಗಿದ ಮರದ ತೂಕದ ಬಹುಭಾಗ ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದ ಬಂದದ್ದು. ಸಸ್ಯ ಹೊರಬಿಡುವ ಆಮ್ಲಜನಕ ಮಾತ್ರ ನೀರಿನ ಅಣು ಒಡೆದು ಬಂದದ್ದೆಂಬುದನ್ನು 1941ರಲ್ಲಿ ಭಾರವಾದ ಆಮ್ಲಜನಕದ ಸಮಸ್ಥಾನಿಯನ್ನು ಬಳಸಿ ತೋರಿಸಲಾಯಿತು.

ಇನ್ನೊಂದು ತಪ್ಪು ತಿಳಿವಳಿಕೆಯನ್ನು ಇಲ್ಲೇ ತೊಡೆದುಹಾಕಬೇಕು. ಸಸ್ಯಗಳು ಹಗಲು ದ್ಯುತಿಸಂಶ್ಲೇಷಣೆ ಮಾಡಿ ರಾತ್ರಿ ಉಸಿರಾಡುತ್ತವೆ ಎಂಬ ಮಾತು ಅರ್ಧ ಸುಳ್ಳು. ಅವು ಪ್ರಾಣಿಗಳಂತೆಯೇ ಹಗಲೂ ರಾತ್ರಿಯೂ ಉಸಿರಾಡುತ್ತಲೇ ಇರುತ್ತವೆ. ಹಗಲಿನಲ್ಲಿ ದ್ಯುತಿಸಂಶ್ಲೇಷಣೆಯ ವೇಗ ಹೆಚ್ಚಾಗಿರುವುದರಿಂದ ಉಸಿರಾಟ ಹೊರಗೆ ಕಾಣಿಸುವುದಿಲ್ಲ, ಅಷ್ಟೇ. ಬೇರಿಗೆ ಹಸಿರಿಲ್ಲ, ಬೆಳಕೂ ಇಲ್ಲ, ಆದ್ದರಿಂದ ಅದಕ್ಕೆ ಎಲ್ಲ ಹೊತ್ತಿನಲ್ಲೂ ಆಮ್ಲಜನಕ ಬೇಕು. ನೀರು ನಿಂತ ಮಣ್ಣಿನಲ್ಲಿ ಗಿಡ ಸೊರಗುವುದಕ್ಕೆ ಇದೇ ಮುಖ್ಯ ಕಾರಣ.

ಐದನೆಯ ಹಂತ: ಸಾಗಣೆಯ ಎರಡು ಬಗೆ

ಪ್ರಾಣಿಗಳ ರಕ್ತಪರಿಚಲನೆಯನ್ನು ಇಂಗ್ಲಿಷ್ ವೈದ್ಯ ವಿಲಿಯಂ ಹಾರ್ವೆಯ ವಾದದ ಮೂಲಕ ಕಲಿಯಿರಿ. ಹೃದಯ ಒಂದು ಬಡಿತಕ್ಕೆ ಸುಮಾರು 70 ಮಿಲಿಲೀಟರ್ ರಕ್ತವನ್ನು ನೂಕುತ್ತದೆ, ನಿಮಿಷಕ್ಕೆ ಸುಮಾರು 70 ಬಾರಿ ಬಡಿಯುತ್ತದೆ. ಅರ್ಧ ಗಂಟೆಗೆ ಅದು ಹೆಚ್ಚುಕಡಿಮೆ 147 ಲೀಟರ್ ಆಗುತ್ತದೆ, ದೇಹದಲ್ಲಿರುವುದು ಸುಮಾರು 5 ಲೀಟರ್. ಇಷ್ಟು ರಕ್ತ ಹೊಸದಾಗಿ ತಯಾರಾಗಿ ಖರ್ಚಾಗುವುದು ಅಸಾಧ್ಯ, ಆದ್ದರಿಂದ ಅದೇ ರಕ್ತ ಸುತ್ತುತ್ತಿರಲೇಬೇಕು. ಇಲ್ಲಿಯ ಸಂಖ್ಯೆಗಳು ಇಂದಿನವು, ಆದರೆ ವಾದದ ದಾರಿ ಹಾರ್ವೆ 1628ರಲ್ಲಿ ಮುಂದಿಟ್ಟದ್ದೇ. ಅಪಧಮನಿಯಿಂದ ಅಭಿಧಮನಿಗೆ ರಕ್ತ ದಾಟುವ ಲೋಮನಾಳಗಳನ್ನು ಅವರು ಕಂಡಿರಲಿಲ್ಲ. ಮಾಲ್ಪಿಗಿ 1661ರಲ್ಲಿ ಕಪ್ಪೆಯ ಶ್ವಾಸಕೋಶದಲ್ಲಿ ಅವುಗಳನ್ನು ಕಂಡರು.

ಸಸ್ಯದಲ್ಲಿ ಹೃದಯವಿಲ್ಲ, ಆದರೂ 100 ಮೀಟರಿಗಿಂತ ಎತ್ತರದ ಮರಗಳಿವೆ. ವಾತಾವರಣದ ಒತ್ತಡವೊಂದೇ ನೀರನ್ನು ಸುಮಾರು 10 ಮೀಟರಿನವರೆಗೆ ಮಾತ್ರ ಏರಿಸಬಲ್ಲದು. ಉಳಿದ ಎತ್ತರಕ್ಕೆ ನೀರು ಹತ್ತುವುದು ಮೇಲಿನಿಂದ ಎಳೆಯಲ್ಪಟ್ಟು: ಎಲೆಯ ಪತ್ರರಂಧ್ರಗಳಿಂದ ಆವಿ ಹೊರಹೋದಂತೆ, ಒಂದಕ್ಕೊಂದು ಅಂಟಿಕೊಂಡ ನೀರಿನ ಅಣುಗಳ ಸರಪಳಿ ಕ್ಸೈಲಂ ನಾಳಗಳೊಳಗೆ ಬಿಗಿಯಾಗಿ ಮೇಲೇರುತ್ತದೆ. ಡಿಕ್ಸನ್ ಮತ್ತು ಜೋಲಿ 1894ರಲ್ಲಿ ಮುಂದಿಟ್ಟ ಈ ವಿವರಣೆ ಇಂದಿಗೂ ನಿಂತಿದೆ. ಕ್ಸೈಲಂನ ನೀರು ಸಾಗಿಸುವ ಕೋಶಗಳು ಕೆಲಸಕ್ಕೆ ಸಿದ್ಧವಾಗುವುದೇ ಸತ್ತ ಮೇಲೆ. ಬರಿದಾದ ಒಳಭಾಗ, ಕುಸಿಯದ ದಪ್ಪ ಗೋಡೆ. ಸಕ್ಕರೆಯನ್ನು ಸಾಗಿಸುವ ಫ್ಲೋಯಂ ಮಾತ್ರ ಜೀವಂತವಾಗಿರಬೇಕು. ಪತ್ರರಂಧ್ರಗಳನ್ನು ನೋಡಲು ಎಲೆಯ ಕೆಳಮೈಗೆ ಬಣ್ಣವಿಲ್ಲದ ಉಗುರುಬಣ್ಣವನ್ನು ತೆಳುವಾಗಿ ಬಳಿದು, ಒಣಗಿದ ಮೇಲೆ ಪಾರದರ್ಶಕ ಅಂಟುಪಟ್ಟಿಯಿಂದ ಎಬ್ಬಿಸಿ ಸೂಕ್ಷ್ಮದರ್ಶಕದ ಕೆಳಗಿಡಿ. ಪ್ರತಿ ರಂಧ್ರದ ಇಕ್ಕೆಲದ ಎರಡು ಕಾವಲು ಕೋಶಗಳು ತುಟಿಗಳಂತೆ ಅಚ್ಚೊತ್ತಿರುತ್ತವೆ. ಎಲೆಯ ಮೇಲ್ಭಾಗದ್ದೂ ಒಂದು ಅಚ್ಚು ತೆಗೆದು ಎರಡರ ಸಂಖ್ಯೆಯನ್ನು ಹೋಲಿಸಿ.

ಆರನೆಯ ಹಂತ: ಬೆಳವಣಿಗೆ ಮತ್ತು ಸಂತಾನ

ಮೊಳಕೆಯೊಡೆದ ನಿಮ್ಮ ಬೀಜದ ಬೇರು ಎರಡು ಮೂರು ಸೆಂಟಿಮೀಟರ್ ಉದ್ದವಾದಾಗ ಅದರ ಮೇಲೆ ಮಿಲಿಮೀಟರಿಗೊಂದರಂತೆ ಶಾಯಿಯ ಗೆರೆಗಳನ್ನು ಎಳೆಯಿರಿ. ಒಂದೆರಡು ದಿನಗಳ ನಂತರ ತುದಿಯ ಹಿಂದಿನ ಗೆರೆಗಳು ಮಾತ್ರ ದೂರ ದೂರ ಸರಿದಿರುತ್ತವೆ, ಮೇಲಿನವು ಇದ್ದಂತೆಯೇ ಇರುತ್ತವೆ. ಹೆಚ್ಚಿನ ಸಸ್ಯಗಳು ಉದ್ದವಾಗುವುದು ತುದಿಗಳ ಬಳಿ ಮಾತ್ರ. ಮರದ ಕಾಂಡಕ್ಕೆ ಹೊಡೆದ ಮೊಳೆ ವರ್ಷಗಳು ಕಳೆದರೂ ಅದೇ ಎತ್ತರದಲ್ಲಿರುವುದು ಇದರಿಂದಲೇ. ಪ್ರಾಣಿಯ ಮರಿಯಲ್ಲಿ ಇಡೀ ದೇಹ ಬೆಳೆಯುತ್ತದೆ ಮತ್ತು ಹೆಚ್ಚಿನ ಪ್ರಾಣಿಗಳಲ್ಲಿ ಬೆಳವಣಿಗೆ ಒಂದು ಹಂತಕ್ಕೆ ನಿಲ್ಲುತ್ತದೆ ಅಥವಾ ತೀರ ನಿಧಾನವಾಗುತ್ತದೆ.

ಜೀವನಚಕ್ರಗಳನ್ನು ಕಲಿಯುವಾಗ ಪ್ರತಿಯೊಂದು ಘಟ್ಟದ ಪಕ್ಕದಲ್ಲೂ ಕೋಶದಲ್ಲಿ ವರ್ಣತಂತುಗಳ (ಅನುವಂಶೀಯ ಮಾಹಿತಿಯನ್ನು ಹೊತ್ತ ಎಳೆಗಳ) ಒಂದು ಸೆಟ್ ಇದೆಯೋ ಎರಡು ಸೆಟ್ ಇವೆಯೋ ಎಂಬುದನ್ನು ಕಡ್ಡಾಯವಾಗಿ ಬರೆಯಿರಿ. ಹೆಚ್ಚಿನ ಪ್ರಾಣಿಗಳಲ್ಲಿ ಒಂದೇ ಸೆಟ್ ಇರುವುದು ಅಂಡ ಮತ್ತು ವೀರ್ಯಾಣುಗಳಲ್ಲಿ ಮಾತ್ರ, ಹಾಗಾಗಿ ತೊಡಕಿಲ್ಲ. ಸಸ್ಯಗಳಲ್ಲಿ ಒಂದೇ ಸೆಟ್ಟಿನ ಘಟ್ಟವೂ ಬಹುಕೋಶೀಯ ದೇಹವಾಗಿ ಬೆಳೆಯುತ್ತದೆ, ಮತ್ತು ವಿದ್ಯಾರ್ಥಿಗಳು ಎಡವುವುದು ಇಲ್ಲಿ. ಇದಕ್ಕೆ ಜರೀಗಿಡವೇ ಉತ್ತಮ ಗುರು: ಎಲೆಯ ಕೆಳಗಿನ ಕಂದು ಚುಕ್ಕೆಗಳಿಂದ ಉದುರಿದ ಬೀಜಕಣ ಮೊಳೆತು, ಉಗುರಿಗಿಂತ ಚಿಕ್ಕದಾದ ಹೃದಯಾಕಾರದ ಹಸಿರು ಹಾಳೆಯಾಗುತ್ತದೆ, ಅದರ ಮೇಲೆ ಹುಟ್ಟುವ ವೀರ್ಯಾಣು ನೀರಿನ ಪದರದಲ್ಲಿ ಈಜಿ ಅಂಡವನ್ನು ಸೇರಿದಾಗ ಮತ್ತೆ ದೊಡ್ಡ ಜರೀಗಿಡ ಹುಟ್ಟುತ್ತದೆ. ಹೂಬಿಡುವ ಸಸ್ಯಗಳಲ್ಲಿ ಆ ಹಾಳೆ ಕುಗ್ಗಿ, ಎರಡು ಮೂರು ಕೋಶಗಳ ಪರಾಗಕಣವಾಗಿಯೂ ಸಾಮಾನ್ಯವಾಗಿ ಏಳು ಕೋಶಗಳ ಭ್ರೂಣಚೀಲವಾಗಿಯೂ ಹೂವಿನೊಳಗೆ ಅಡಗಿದೆ. ಪರಾಗದ ಒಂದು ವೀರ್ಯಾಣು ಅಂಡವನ್ನೂ ಇನ್ನೊಂದು ನಡುವಿನ ಕೋಶವನ್ನೂ ಸೇರುವ ದ್ವಿನಿಷೇಚನೆಯನ್ನು ನವಾಶಿನ್ 1898ರಲ್ಲಿ ವರದಿ ಮಾಡಿದರು. ಎರಡನೆಯ ಸಂಯೋಗದಿಂದ ಹುಟ್ಟಿದ ಭ್ರೂಣಾಹಾರವನ್ನು ಹುರುಳಿಕಾಯಿಯ ಬೀಜದಳಗಳು ಬೀಜ ಬಲಿಯುವ ಮೊದಲೇ ಹೀರಿಕೊಂಡಿರುತ್ತವೆ. ಬೀಜವನ್ನು ಬಿಡಿಸಿದಾಗ ಸಿಗುವ ಎರಡು ದಪ್ಪ ಹೋಳುಗಳು ಅವೇ.

ಏಳನೆಯ ಹಂತ: ವರ್ಗೀಕರಣ ಮತ್ತು ಪದಗಳು

ಪಠ್ಯಗಳಲ್ಲಿ ವರ್ಗೀಕರಣ ಎಷ್ಟೋ ಬಾರಿ ಆರಂಭದಲ್ಲೇ ಬರುತ್ತದೆ. ಅದನ್ನು ಕೊನೆಗೆ ಓದುವುದು ಒಳ್ಳೆಯದು ಎಂಬುದು ನನ್ನ ಖಚಿತ ಅಭಿಪ್ರಾಯ, ಏಕೆಂದರೆ ಅಂಗಗಳ ಕೆಲಸ ತಿಳಿಯದವರಿಗೆ ಗುಂಪುಗಳ ಲಕ್ಷಣಗಳು ಬರಿಯ ಪಟ್ಟಿಯಾಗಿಯೇ ಉಳಿಯುತ್ತವೆ. ಲಿನಿಯಸ್ ಸಸ್ಯಗಳಿಗೆ 1753ರಲ್ಲಿ, ಪ್ರಾಣಿಗಳಿಗೆ 1758ರಲ್ಲಿ ಕ್ರಮಬದ್ಧವಾಗಿ ಬಳಸಿದ, ಎರಡು ಪದಗಳ ಹೆಸರಿಡುವ ದ್ವಿನಾಮ ಪದ್ಧತಿ ಇಂದಿಗೂ ನಮ್ಮದು. ಆದರೆ ಇಂದು ಗುಂಪುಗಳನ್ನು ಕಟ್ಟುವುದು ಸಮಾನ ಪೂರ್ವಜರ ಆಧಾರದ ಮೇಲೆ. ಆದ್ದರಿಂದ ಕೋಷ್ಟಕದ ಬದಲು ಕವಲೊಡೆಯುವ ಮರವನ್ನು ಬಿಡಿಸಿ, ಪ್ರತಿಯೊಂದು ಕವಲಿನಲ್ಲಿ ಹೊಸದಾಗಿ ಬಂದ ಲಕ್ಷಣವನ್ನು ಬರೆಯಿರಿ: ಸಸ್ಯಗಳಲ್ಲಿ ಸಾಗಣೆಯ ನಾಳಗಳು, ಅನಂತರ ಬೀಜ, ಅನಂತರ ಹೂವು, ಕಶೇರುಕಗಳಲ್ಲಿ ದವಡೆ, ಅನಂತರ ನಾಲ್ಕು ಕಾಲು, ಅನಂತರ ನೆಲದ ಮೇಲೆ ಬೆಳೆಯಬಲ್ಲ ಭ್ರೂಣ. ಅಣಬೆಗಳು ಸಸ್ಯಗಳಿಗಿಂತ ಪ್ರಾಣಿಗಳಿಗೆ ಹತ್ತಿರದ ಸಂಬಂಧಿಗಳೆಂಬುದು ಇಂಥ ಮರದಲ್ಲಿ ಮಾತ್ರ ಸ್ಪಷ್ಟವಾಗುತ್ತದೆ.

ಪದಗಳಿಗೆ ಸುಲಭದ ಉಪಾಯವೆಂದರೆ ಗ್ರೀಕ್ ಬೇರುಗಳು. ಫಿಲ್ ಎಂದರೆ ಎಲೆ, ಕ್ಲೋರೋ ಎಂದರೆ ಹಸಿರು, ಡರ್ಮ್ ಎಂದರೆ ಚರ್ಮ, ಎಪಿ ಎಂದರೆ ಮೇಲೆ, ಮೀಸೋ ಎಂದರೆ ನಡು. ಇವಿಷ್ಟರಿಂದಲೇ ಕ್ಲೋರೋಫಿಲ್, ಮೀಸೋಫಿಲ್, ಎಪಿಡರ್ಮಿಸ್ ಮೂರೂ ಬಿಡಿಸಿಕೊಳ್ಳುತ್ತವೆ. ಇಂಥ ಮೂವತ್ತು ನಲವತ್ತು ಬೇರುಗಳನ್ನು ಕಲಿತರೆ ಪದಕೋಶದ ಬಹುಪಾಲು ಹಗುರವಾಗುತ್ತದೆ.

ಪರೀಕ್ಷೆಗೆ ಮೊದಲು

ಪುಸ್ತಕವನ್ನು ಮುಚ್ಚಿ, ಹಾಳೆಯ ಎಡಕ್ಕೆ ಹುರುಳಿಕಾಯಿಯ ಗಿಡವನ್ನೂ ಬಲಕ್ಕೆ ಎರೆಹುಳುವನ್ನೂ ಬರೆದು, ಶಕ್ತಿ, ಅನಿಲ ವಿನಿಮಯ, ಸಾಗಣೆ, ನೀರಿನ ಹತೋಟಿ, ಬೆಳವಣಿಗೆ, ಸಂತಾನ ಎಂಬ ಆರು ಪ್ರಶ್ನೆಗಳಿಗೆ ಎರಡೂ ಕಡೆ ಪೂರ್ಣ ವಾಕ್ಯಗಳಲ್ಲಿ ಉತ್ತರ ಬರೆಯಿರಿ. ಎರೆಹುಳುವಿಗೆ ಶ್ವಾಸಕೋಶವಿಲ್ಲದಿದ್ದರೂ ರಕ್ತನಾಳಗಳು ಏಕೆ ಬೇಕಾದವೆಂದು ಗಾತ್ರದ ಲೆಕ್ಕವನ್ನು ಹಿಡಿದು ವಿವರಿಸಲು ಸಾಧ್ಯವಾಗಬೇಕು: ತೆಳುವಾದ ಉದ್ದನೆಯ ದೇಹಕ್ಕೆ ಒದ್ದೆ ಚರ್ಮದ ಮೇಲ್ಮೈ ಸಾಕು, ಆದರೆ ಚರ್ಮದಿಂದ ಒಳಗಿನ ಸ್ನಾಯು ಮತ್ತು ಕರುಳಿನವರೆಗಿನ ದೂರ ವಿಸರಣೆಗೆ ಹೆಚ್ಚಾದ್ದರಿಂದ ಹಿಮೋಗ್ಲೋಬಿನ್ ಇರುವ ರಕ್ತ ಆಮ್ಲಜನಕವನ್ನು ಹೊತ್ತೊಯ್ಯುತ್ತದೆ. ಹನ್ನೆರಡರಲ್ಲಿ ಯಾವ ಉತ್ತರ ಎರಡನೆಯ ವಾಕ್ಯಕ್ಕೇ ನಿಂತುಹೋಗುತ್ತದೆಯೋ ಆ ಅಧ್ಯಾಯವನ್ನು ಮತ್ತೆ ತೆರೆಯಿರಿ, ಮತ್ತು ಸಾಧ್ಯವಾದರೆ ಓದುವ ಮೊದಲು ಗಿಡವನ್ನೋ ಹುಳುವನ್ನೋ ಇನ್ನೊಮ್ಮೆ ನೋಡಿ ಬನ್ನಿ.